ನಲವತ್ತಮೂರು ಮನೆಗಳ ಒಂದೇ ಉತ್ತರ

ಪುಷ್ಪಲತಾ ನಮ್ಮ ಮನೆಗೆ ಬಂದದ್ದು ಸಂಶೋಧನೆಗೆ. ನಮ್ಮವ್ವ ತಿಳಿದುಕೊಂಡದ್ದು ಮನೆತನ ನೋಡಲು ಬಂದಿದ್ದಾಳೆ ಎಂದು. ಇಬ್ಬರ ನಡುವೆ ಕೂತಿದ್ದ ನನಗೆ ಹತ್ತು ನಿಮಿಷದೊಳಗೆ ಎರಡೂ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ. ಮುಂದೆ ಆದದ್ದಕ್ಕೆಲ್ಲ ನಾನು ಬಾಯಿ ಬಿಡದೇ ಇದ್ದದ್ದೇ ಕಾರಣ, ಹಾಗಾಗಿ ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಹೆಸರು ರಾಮಾಂಜಿನಿ. ಉಚ್ಚಂಗಿದುರ್ಗದ ಗುಡ್ಡ ಕಾಣುವಷ್ಟು ದೂರದಲ್ಲಿ ನಮ್ಮೂರು. ವಾರದಲ್ಲಿ ನಾಲ್ಕು ದಿನ ಹರಪನಹಳ್ಳಿಯ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ, ಉಳಿದ ದಿನ ಅಣ್ಣ ಯರ್ರೆಪ್ಪನ ಜೊತೆ ಕುರಿಗಳ ಹಿಂದೆ. ವಯಸ್ಸು ಮೂವತ್ತೆರಡು. ಓದಿದ ಹುಡುಗಿಯರು ಕುರಿ ಕಾಯುವವನನ್ನು ಒಲ್ಲೆ ಅಂದರು. ಓದದ ಹುಡುಗಿಯರ ಅಪ್ಪಂದಿರು ಅತಿಥಿ ಉಪನ್ಯಾಸಕನನ್ನು ಒಲ್ಲೆ ಅಂದರು. ಅತಿಥಿ ಎಂದರೆ ಯಾವಾಗ ಬೇಕಾದರೂ ಎದ್ದು ಹೋಗುವವನು ಎಂದು ಅವರಿಗೂ ಗೊತ್ತು.

ಹರಪನಹಳ್ಳಿ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ದಲ್ಲಾಳಿಯಾಗಿರುವ ಹಾಲೇಶಪ್ಪ ಬಿಡುವಿನಲ್ಲಿ ಸಂಬಂಧಗಳನ್ನೂ ಕುದುರಿಸುತ್ತಾನೆ. ಅವನು ಅವ್ವನಿಗೆ ಫೋನ್ ಮಾಡಿ, "ಮೈಲಮ್ಮಾ, ಸೋಮವಾರ ಹಡಗಲಿ ಕಡ್ಯಾರು ಮನಿತನ ನೋಡಾಕ ಬರ್ತಾರ. ಹುಡುಗಿ ಎಂ.ಎ. ಓದ್ಯಾಳ. ಕೈ ಬಿಡಬ್ಯಾಡ ನೋಡು" ಎಂದಿದ್ದ.

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹುಡುಗನ ಮನೆತನ ನೋಡಲು ಬರುತ್ತಾರೆ. ಹೊಲ ಎಷ್ಟು, ಕುರಿ ಎಷ್ಟು, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಹಿರಿಸೊಸೆ ಸುಖವಾಗಿದ್ದಾಳೋ ಇಲ್ಲವೋ, ಎಲ್ಲ ಕೇಳುತ್ತಾರೆ. ಆಮೇಲೆ ಹೊರಗೆ ಬಂದು ಓಣಿಯ ನಾಲ್ಕು ಮನೆಯಲ್ಲಿ ವಿಚಾರಿಸುತ್ತಾರೆ. ಆಗ ಊರಿಗೆ ಊರೇ ಹುಡುಗನ ಬೆನ್ನಿಗೆ ನಿಲ್ಲುತ್ತದೆ. ಬದುವಿನ ಜಗಳಕ್ಕೆ ಏಳು ವರ್ಷ ಮಾತು ಬಿಟ್ಟವನೂ ಅವತ್ತು ಒಳ್ಳೆಯದನ್ನೇ ಹೇಳುತ್ತಾನೆ. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಗಾದೆಯನ್ನು ನಮ್ಮೂರಷ್ಟು ನಿಷ್ಠೆಯಿಂದ ನಡೆಸುವವರು ಬೇರೆಲ್ಲೂ ಇರಲಿಕ್ಕಿಲ್ಲ.

ನಮ್ಮವು ಅರವತ್ತು ಕುರಿ. ಸೋಮವಾರ ಬೆಳಗಾಗುವಷ್ಟರಲ್ಲಿ ಅಣ್ಣ ತನ್ನ ಹೆಂಡತಿಯ ತಮ್ಮನ ಎಂಬತ್ತು ಕುರಿಗಳನ್ನು ಹೊಡೆದುಕೊಂಡು ಬಂದು ನಮ್ಮ ಮುಳ್ಳುಬೇಲಿಯ ರೊಪ್ಪಕ್ಕೆ ತುಂಬಿಸಿದ್ದ. ಪಕ್ಕದ ಮನೆಯಿಂದ ಎರಡು ಹಿತ್ತಾಳೆ ಕೊಡ ಬಂದವು, ಎದುರು ಮನೆಯಿಂದ ಒಂದು ಬೈಕ್.

ಹನ್ನೊಂದರ ಬಸ್ಸಿಗೆ ಅವಳು ಇಳಿದಳು. ಜೊತೆಗೆ ಅವಳ ಸೋದರತ್ತೆ. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಕಪ್ಪು ಛತ್ರಿ, ಕೆನ್ನೆಯ ಮೇಲೆ ಬಸ್ಸಿನ ಕಿಟಕಿಯ ಧೂಳು. "ನಾನು ಹಡಗಲಿಯಿಂದ ಬಂದೀನ್ರಿ ಅಮ್ಮ. ಯೂನಿವರ್ಸಿಟಿಯಾಗ ಓದತೀನಿ. ನಿಮ್ಮ ಮನಿ ವಿಷಯ ಸ್ವಲ್ಪ ತಿಳಕೋಬೇಕಿತ್ತು" ಎಂದಳು. ಅವ್ವನಿಗೆ ಹಡಗಲಿ ಅನ್ನುವುದೊಂದೇ ಸಾಕಾಯಿತು.

"ಬಾರವ್ವ, ಬಾ. ನೀನ ಬಂದಿದ್ದು ಚೊಲೊ ಆತು. ಈಗಿನ ಕಾಲದಾಗ ತಾವಾ ನೋಡಬೇಕು."

ಪುಷ್ಪಲತಾ ಕಂಬಳಿಯ ಮೇಲೆ ಕೂತು ಅಚ್ಚು ಹಾಕಿಸಿದ ಫಾರಂ ತೆಗೆದಳು. ಮನೆಯಲ್ಲಿ ಎಷ್ಟು ಮಂದಿ, ಯಾರು ಎಷ್ಟು ಓದಿದ್ದಾರೆ, ಯಾರ ಮದುವೆ ಆಗಿದೆ, ಒಂದೊಂದಾಗಿ ಕೇಳಿದಳು.

"ಈ ಕಿರಿಯಾವಂದು ಆಗಿಲ್ಲವ್ವ," ಅವ್ವ ನನ್ನತ್ತ ಕೈ ಮಾಡಿದಳು. "ಎಂ.ಎ. ಓದ್ಯಾನ. ಒಂದು ಚಟ ಇಲ್ಲ. ಎಲಿ ಅಡಿಕಿ ಸೈತ ಹಾಕಂಗಿಲ್ಲ."

ಅವಳ ಫಾರಂನಲ್ಲಿ ಚಟಕ್ಕೆ ಜಾಗ ಇರಲಿಲ್ಲ. ಆದರೂ ತಲೆ ಎತ್ತಿ ನನ್ನನ್ನು ನೋಡಿದಳು. ಮೊದಲು ಸುಮ್ಮನೆ ನೋಡಿದ್ದು, ಆಮೇಲೆ ತುಟಿಯ ಒಂದು ಮೂಲೆಯಲ್ಲಿ ನಗು ಬಂದು, ಪೆನ್ನಿನ ಮುಚ್ಚಳ ಕಚ್ಚಿಕೊಂಡು ಅದನ್ನು ಅಲ್ಲೇ ತಡೆದದ್ದು. ನನ್ನ ಕಣ್ಣು ಕೆಳಗೆ ಇಳಿಯಿತು. ಇಳಿದಲ್ಲಿ ಫಾರಂನ ತಲೆಬರಹ ಕಂಡಿತು: ಕುರಿಗಾರ ಕುಟುಂಬಗಳಲ್ಲಿ ತೀರ್ಮಾನದ ಅಧಿಕಾರ, ಪಿಎಚ್.ಡಿ. ಅಧ್ಯಯನ. ಆಗ ಹೇಳಬೇಕಾಗಿತ್ತು. ಹೇಳಿದ್ದರೆ ಎಲ್ಲರೂ ನಕ್ಕು, ಅವಳು ಚಾ ಕುಡಿದು ಎದ್ದು ಹೋಗುತ್ತಿದ್ದಳು. ಅವಳು ಎದ್ದು ಹೋಗುವುದು ನನಗೆ ಬೇಕಿರಲಿಲ್ಲ.

"ಕುರಿ ಮಾರೋದು, ಹೊಲಕ್ಕ ಏನು ಹಾಕೋದು, ಇವನ್ನೆಲ್ಲ ಮನ್ಯಾಗ ಯಾರು ತೀರ್ಮಾನ ಮಾಡ್ತಾರ್ರಿ ಅಮ್ಮ?"

ಅವ್ವ ತುಸು ಯೋಚಿಸಿದಳು. ಓದಿದ ಹುಡುಗಿಗೆ ಯಾವ ಉತ್ತರ ಇಷ್ಟವಾದೀತು ಎಂದು ತೂಗುತ್ತಿದ್ದುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಸೊಸೀನ ಯವ್ವ. ನಮ್ಮ ಮನ್ಯಾಗ ಸೊಸಿ ಹೇಳಿದ್ದ ಆಗೋದು. ಆಕಿ ಹೂಂ ಅನ್ನದ ಒಂದು ಮರಿ ಮಾರಂಗಿಲ್ಲ."

ಆ ಸೊಸೆ, ಅಂದರೆ ನನ್ನ ಅತ್ತಿಗೆ ಹುಲಿಗೆಮ್ಮ, ಒಳಗೆ ಒಲೆಯ ಮುಂದೆ ಕೂತು ಚಾ ಕುದಿಸುತ್ತಿದ್ದಳು. ಅವಳು ತಿರುಗಿಯೂ ನೋಡಲಿಲ್ಲ.

ಕುರಿ ನೋಡುತ್ತೇನೆ ಅಂದಳು ಪುಷ್ಪಲತಾ. ರೊಪ್ಪದಲ್ಲಿ ನಮ್ಮ ಕುರಿಗಳ ಬೆನ್ನ ಮೇಲೆ ಕೆಂಪು ಬಣ್ಣದ ಗುರುತು, ಬಂದ ಕುರಿಗಳ ಮೇಲೆ ನೀಲಿ.

"ಎರಡು ಬಣ್ಣ ಯಾಕ್ರಿ?"

"ಕೆಂಪು ಹೆಣ್ಣು, ನೀಲಿ ಗಂಡು" ಎಂದ ಅಣ್ಣ, ಒಂದು ನಿಮಿಷವೂ ತಡವರಿಸದೆ. ಅವನ ಹಿಂದೆಯೇ ಒಂದು ನೀಲಿ ಕುರಿ ಮರಿಗೆ ಹಾಲು ಕುಡಿಸುತ್ತ ನಿಂತಿತ್ತು. ಅವಳು ಅದನ್ನು ನೋಡಿದಳು, ಅಣ್ಣನನ್ನು ನೋಡಿದಳು, ನೂರಾ ನಲವತ್ತು ಎಂದು ಬರೆದುಕೊಂಡಳು.

ಆ ರಾತ್ರಿ ಹಾಲೇಶಪ್ಪನ ಫೋನ್ ಬಂತು. ಹಡಗಲಿಯ ನಿಜವಾದ ಬೀಗರು ದಾರಿಯಲ್ಲೇ ಮನಸ್ಸು ಬದಲಿಸಿ ಕೊಟ್ಟೂರಿನ ಕಡೆ ಹೋಗಿದ್ದರಂತೆ. ಆಗ ಅವ್ವನಿಗೆ ಎಲ್ಲ ಹೇಳಿದೆ. ಬಾಯಿ ಮೇಲೆ ಕೈ ಇಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕೈ ತೆಗೆದು, "ಆಗಲಿ ಬಿಡು. ಹುಡುಗಿ ಚೊಲೊ ಅದಾಳ. ನಮ್ಮ ಕುಲದಾರ ಅಂತ. ಮದುವಿನೂ ಆಗಿಲ್ಲ, ಅವರತ್ತೀನ ಕೇಳೀನಿ" ಅಂದಳು. ಊರಿಗೆ ಏನೂ ಹೇಳಬೇಡ ಎಂದೂ ಅಂದಳು. ನಾನು ಹೇಳಲಿಲ್ಲ.

ಪುಷ್ಪಲತಾ ಪ್ರತಿ ಸೋಮವಾರ ಬರತೊಡಗಿದಳು. ನಮ್ಮೂರಿನ ನಲವತ್ತಮೂರು ಕುರಿಗಾರ ಮನೆಗಳಿಗೂ ಹೋಗಬೇಕಿತ್ತು, ದಾರಿ ತೋರಿಸುವವನು ನಾನೇ. ಮೊಣಕಾಲು ನೋವೆಂದು ಸೋದರತ್ತೆ ಮೂರನೇ ವಾರಕ್ಕೇ ನಿಂತುಬಿಟ್ಟರು. ಇಷ್ಟು ಕೂಲಂಕಷವಾಗಿ ಮನೆತನ ವಿಚಾರಿಸುವ ಹುಡುಗಿಯನ್ನು ಊರು ಹಿಂದೆಂದೂ ಕಂಡಿರಲಿಲ್ಲ. ಸೊಸೆಯಾಗಿ ಬರುವವಳಿಗೆ ಊರೇ ಹಿಡಿಸಲಿ ಎಂದು ಒಂದೊಂದು ಮನೆಯವರೂ ತಮ್ಮ ಬಗ್ಗೆ ಕೇಳಿದ್ದಕ್ಕೂ ಅವ್ವ ಕಲಿಸಿದ ಉತ್ತರವನ್ನೇ ಕೊಟ್ಟರು. "ಈ ಊರಾಗ ಸೊಸೀದ ಆಳಿಕಿ ಯವ್ವ." "ನಾವೇನಿದ್ರೂ ಸೊಸೀನ ಕೇಳಿ ಮಾಡೋರು." ಸೊಸೆ ಎನ್ನುವವಳನ್ನು ನಮ್ಮೂರು ಕೂರಿಸಿ ಪೂಜೆ ಮಾಡುತ್ತದೆ ಎನ್ನುವಂತಿತ್ತು ಅವಳ ಬ್ಯಾಗಿನಲ್ಲಿದ್ದ ಕಾಗದಗಳನ್ನು ನೋಡಿದರೆ.

ಮನೆಯಿಂದ ಮನೆಗೆ ನಡೆಯುವಾಗ ವಾದ ಮಾಡುತ್ತಿದ್ದೆವು. ನಾನು ಕಾಲೇಜಿನಲ್ಲಿ ಸಂಶೋಧನಾ ವಿಧಾನದ ಪತ್ರಿಕೆ ಕಲಿಸುತ್ತೇನೆ ಎಂದು ಗೊತ್ತಾದಂದಿನಿಂದ ಅವಳಿಗೆ ನನ್ನನ್ನು ಕೆಣಕುವುದೇ ಒಂದು ಕೆಲಸ.

"ಸರ್, ನಿಮ್ಮ ಇತಿಹಾಸದಾಗ ಒಂದು ಶಾಸನ ಸಿಕ್ಕರ ಸಾಕು, ಪುಸ್ತಕ ಬರದುಬಿಡತೀರಿ. ನಾವು ಹಂಗಲ್ರಿ. ಮನಿ ಮನಿ ತಿರುಗತೀವಿ, ಎಣಸತೀವಿ."

"ಸಿಕ್ಕಿದ್ದನ್ನೆಲ್ಲ ನಂಬಂಗಿಲ್ರಿ ನಾವು. ಯಾರು ಹಾಕಿಸಿದ್ರು, ಯಾರ ಕಣ್ಣಿಗೆ ಬೀಳ್ಲಿ ಅಂತ ಹಾಕಿಸಿದ್ರು, ಅದರಿಂದ ಅವರಿಗೇನು ಬರತೈತಿ, ಇದನ್ನ ಮೊದಲು ಕೇಳತೀವಿ. ನಾ ಸೋತೆ ಅಂತ ಯಾವ ರಾಜನರ ಕಲ್ಲಿನ ಮ್ಯಾಲೆ ಕೆತ್ತಿಸ್ತಾನೇನು?"

"ರಾಜ ಒಬ್ಬ, ಸುಳ್ಳು ಹೇಳಬೌದು. ನಲವತ್ತಮೂರು ಮನ್ಯಾರು ಕೂಡಿ ಒಂದ ಸುಳ್ಳು ಹೇಳಾಕ ಏನು ಕಾರಣ ಇರತೈತ್ರಿ?"

ಕಾರಣ ನನಗೆ ಗೊತ್ತಿತ್ತು. ಕಾರಣ ಅವಳ ಪಕ್ಕದಲ್ಲೇ ಛತ್ರಿ ಹಿಡಿದುಕೊಂಡು ನಡೆಯುತ್ತಿತ್ತು.

ಇನ್ನೊಂದು ಸೋಮವಾರ ಮಧ್ಯಾಹ್ನ ಅವ್ವ ರೊಟ್ಟಿ ತಟ್ಟಿ, ಪುಂಡಿಪಲ್ಯ ಮಾಡಿ ಕರೆದಳು. ಅವಳು ಹೊರಗೇ ನಿಂತಳು.

"ಮಾಹಿತಿ ಕೊಡೋರ ಮನ್ಯಾಗ ಉಣಬಾರದು ಅಂತಾರ ನಮ್ಮ ಗೈಡು. ಹತ್ತಿರ ಆದ್ರ ಕಣ್ಣು ಮಂಜಾಗತೈತಂತ. ಅಂತರ ಇರಬೇಕಂತ."

"ಅಷ್ಟು ದೂರ ನಿಂತ್ರ ಕಿವಿ ಕೇಳಂಗಿಲ್ಲಲ್ರಿ."

ಅವಳು ನಕ್ಕಳು. "ಇದನ್ನ ಬರಕೊಳ್ಳಲೇನು?"

"ಬರಕೊಳ್ರಿ. ರೊಟ್ಟಿ ಆರತೈತಿ, ಮೊದಲು ಉಣ್ರಿ."

ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. ಮೊದಲ ತುತ್ತು ಬಾಯಿಗಿಟ್ಟಾಗ ಕಣ್ಣು ಮುಚ್ಚಿದಳು, ಕಣ್ಣು ತೆರೆದಾಗ ನಾನು ನೋಡುತ್ತಿದ್ದುದನ್ನು ಹಿಡಿದಳು. "ಸರ್, ನಿಮ್ಮ ರೊಟ್ಟಿನೂ ಆರತೈತಿ" ಎಂದಳು. ಒಲೆಯ ಕಡೆಯಿಂದ ಅತ್ತಿಗೆಯ ಸಣ್ಣ ಕೆಮ್ಮು ಕೇಳಿತು. ಸೋಮವಾರ ಮಾತ್ರ ನನ್ನ ಅಂಗಿಗೆ ಇಸ್ತ್ರಿ ಬೀಳುತ್ತಿರುವುದನ್ನು ಮನೆಯಲ್ಲಿ ಗಮನಿಸಿದವಳು ಅವಳೊಬ್ಬಳೇ.

ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತ್ತು. ಇದರಲ್ಲಿ ಮುಚ್ಚಿಡುವುದೇನೂ ಇಲ್ಲ. ಓಣಿಯ ನಾಯಿಗೂ ದಬಾಯಿಸಿ ಮಾತಾಡುತ್ತಿದ್ದಳು, ಮುದುಕರ ಮುಂದೆ ಮಾತ್ರ ಅವರು ಮುಗಿಸುವ ತನಕ ಪೆನ್ನು ಎತ್ತುತ್ತಿರಲಿಲ್ಲ. ಬಸ್ಸು ಹತ್ತಿ ಸೀಟು ಹಿಡಿದ ಮೇಲೆ ಕಿಟಕಿಯಿಂದ ಒಮ್ಮೆ ಹಿಂದಿರುಗಿ ನೋಡುತ್ತಿದ್ದಳು. ಅಷ್ಟಕ್ಕಾಗಿ ನಾನು ಬಸ್ಸು ತಿರುವು ದಾಟುವ ತನಕ ನಿಲ್ಲುತ್ತಿದ್ದೆ. ಪ್ರತಿ ವಾರ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಹೇಳಿದರೆ ಅವಳ ಅಷ್ಟೂ ಕೆಲಸ ಮಣ್ಣುಪಾಲು, ಅವಳು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಮುಂದಿನ ವಾರ ಹೇಳಿದರಾಯಿತು ಅನ್ನಿಸುತ್ತಿತ್ತು. ಹೀಗೆ ಜೂನ್‌ನಿಂದ ನವೆಂಬರ್ ಆಯಿತು.

ನವೆಂಬರ್‌ನ ಒಂದು ಮಧ್ಯಾಹ್ನ ಕಾಲೇಜು ಬಿಡುವ ಹೊತ್ತಿಗೆ ಅವಳೇ ಫೋನ್ ಮಾಡಿದಳು. ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತಿದ್ದಳು. ಮೇಜಿನ ಮೇಲೆ ಮಂಡಕ್ಕಿ, ಬಿಸಿ ಮಿರ್ಚಿ, ಅದರ ಪಕ್ಕದಲ್ಲಿ ಎಣ್ಣೆ ತಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಹತ್ತು ಹಾಳೆ.

"ನೋಡ್ರಿ ಸರ್. ನಲವತ್ತಮೂರರಾಗ ನಲವತ್ತೊಂದು ಮನ್ಯಾಗ ಸೊಸೀದ ತೀರ್ಮಾನ. ನಮ್ಮ ಗೈಡು ಎರಡು ಸಲ ಓದಿದ್ರು. ಇಂಥಾದ್ದು ಎಲ್ಲೂ ಬಂದಿಲ್ಲ ಅಂದ್ರು. ಬರೋ ಗುರುವಾರ ಸೆಮಿನಾರಿನಾಗ ಓದಬೇಕು."

ಉಳಿದ ಎರಡು ಮನೆಗಳಲ್ಲಿ ಸೊಸೆಯರೇ ಇರಲಿಲ್ಲ. ನಾನು ಮಿರ್ಚಿ ಕೈಗೆತ್ತಿಕೊಂಡು ಹಾಗೇ ಇಟ್ಟೆ.

"ಇನ್ನ ಸೋಮವಾರ ಬರೋ ಕೆಲಸ ಇರಂಗಿಲ್ಲ ನನಗ" ಎಂದಳು ಅವಳು. ಮಂಡಕ್ಕಿಯ ಒಂದೊಂದೇ ಕಾಳನ್ನು ಬೆರಳಿನಿಂದ ಬದಿಗೆ ಸರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು. "ಕೆಲಸ ಇಲ್ಲದ ಬಂದ್ರ ನಡೀತೈತೇನು ಅಂತ ಕೇಳಾಕ ಕರೆದೆ."

ಆರು ತಿಂಗಳಿಂದ ಯಾವ ಮಾತಿಗೆ ಕಾದಿದ್ದೆನೋ ಅದು ತಾನಾಗಿಯೇ ಮೇಜಿನ ಮೇಲೆ ಬಂದು ಕೂತಿತ್ತು. ನಡೆಯುತ್ತದೆ ಅಂದಿದ್ದರೆ ಸಾಕಿತ್ತು. ಗುರುವಾರ ಅವಳು ಸಭೆಯಲ್ಲಿ ನಿಂತು, ನಮ್ಮೂರು ನನ್ನ ಮದುವೆಗೆಂದು ಹೇಳಿದ ಸುಳ್ಳನ್ನು ಓದುತ್ತಿದ್ದಳು. ಒಂದಲ್ಲ ಒಂದು ದಿನ ಯಾರೋ ನಮ್ಮೂರಿಗೆ ಬಂದು, ಯಾವುದಾದರೂ ಸೊಸೆಯನ್ನು ಮಾತಾಡಿಸಿ, ಪುಷ್ಪಲತಾಳ ಹೆಸರಿಗೆ ಮಸಿ ಬಳಿಯುತ್ತಿದ್ದರು. ಅಷ್ಟರಲ್ಲಿ ಅವಳು ನನ್ನ ಹೆಂಡತಿಯೂ ಆಗಿರುತ್ತಿದ್ದಳೇನೋ.

"ಅದನ್ನ ಓದಬ್ಯಾಡ್ರಿ" ಎಂದೆ.

ಎಲ್ಲ ಹೇಳಿದೆ. ಹಾಲೇಶಪ್ಪನ ಫೋನು, ಎರವಲು ತಂದ ಕುರಿ, ಅವ್ವನ ಯೋಚನೆ, ಊರಿನ ಉತ್ತರ, ಮೊದಲ ದಿನವೇ ಫಾರಂನ ತಲೆಬರಹ ಓದಿದ್ದು. ಅವಳು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ, ಮುದುಕರ ಮುಂದೆ ಕೂರುವಂತೆಯೇ ಕೂತಿದ್ದಳು.

"ಆ ನೀಲಿ ಕುರಿ ಹಾಲು ಕುಡಿಸತಿತ್ತು" ಎಂದಳು ಕೊನೆಗೆ. "ನನ್ನ ಕಣ್ಣಾರೆ ನೋಡೀನಿ. ಫಾರಂನ್ಯಾಗ ಅದನ್ನ ಬರಿಯಾಕ ಜಾಗ ಇರಲಿಲ್ಲ, ಅದಕ್ಕ ಬಿಟ್ಟೆ. ಅದು ನನ್ನ ತಪ್ಪು. ನಿಮ್ಮವ್ವ ಸುಳ್ಳು ಹೇಳಿದ್ರು, ಮಗನ ಮದುವಿ ಆಗಲಿ ಅಂತ ಹೇಳಿದ್ರು, ಅದೂ ಇರಲಿ. ನೀವು ಮೇಷ್ಟ್ರು. ಯಾರು ಹೇಳಿದ್ರು, ಯಾಕ ಹೇಳಿದ್ರು ಅಂತ ಹುಡುಗರಿಗೆ ಕಲಸೋರು. ಆರು ತಿಂಗಳು ಛತ್ರಿ ಹಿಡದ್ರಿ ನನಗ. ಒಂದು ಮಾತು ಹೇಳಾಕ ಆಗಲಿಲ್ಲ?"

"ಆಗಲಿಲ್ರಿ."

"ನಗು ಬಂದಿರಬೇಕು ನಿಮಗ."

"ಇಲ್ಲ. ಹೆದರಿಕಿ ಬಂದಿತ್ತು."

ಹಾಳೆಗಳನ್ನು ಬ್ಯಾಗಿಗೆ ತುರುಕಿಕೊಂಡಳು. ಕಣ್ಣು ತುಂಬಿದ್ದವು, ಒರೆಸಿಕೊಳ್ಳಲಿಲ್ಲ. "ಸೋಮವಾರ ಬರಂಗಿಲ್ಲ ನಾನು" ಎಂದು ಹೇಳಿ ಎದ್ದು ಹಡಗಲಿ ಬಸ್ಸಿನತ್ತ ನಡೆದಳು. ಅವತ್ತು ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಮನೆಗೆ ಬಂದು ಆದದ್ದನ್ನು ಹೇಳಿದೆ. ಅವ್ವ ಗೋಡೆಗೆ ಒರಗಿ ಕೂತುಬಿಟ್ಟಳು. "ಮದುವಿಗಂತ ಹೇಳಿದ್ದಪ್ಪ ನಾನು. ಆ ಹುಡುಗೀಗೆ ಇಷ್ಟು ಹೊಡೆತ ಬೀಳತೈತಿ ಅಂತ ಗೊತ್ತಿತ್ತಾ ನನಗ?"

ಹುಲಿಗೆಮ್ಮ ಅತ್ತಿಗೆ ಒಲೆಯ ಮುಂದಿನಿಂದ ಎದ್ದು ಬಂದಳು. ನನ್ನೆದುರು ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಆರು ತಿಂಗಳು ಆಕೀಗೆ ಚಾ ಕೊಟ್ಟೀನಿ. ಸೊಸಿ ಆಳತಾಳ ಅಂತ ಅತ್ತಿ ಹೇಳಿದ್ಲು, ಆಕಿ ಬರಕೊಂಡ್ಲು, ಅಷ್ಟು ಓದಿದಾವ ನೀ ಕುಂತು ಕೇಳಿದಿ. ಅಲ್ಲೇ ಐದು ಮಾರು ದೂರದಾಗ ನಾ ಇದ್ನೆಲ್ಲ, ನನ್ನ ಯಾರರ ಕೇಳಿದ್ರೇನು?"

ಪುಷ್ಪಲತಾ ತನ್ನ ಗೈಡಿಗೆ ತೋರಿಸಲೆಂದು, ತಪ್ಪು ಸಂಪೂರ್ಣ ನನ್ನದು ಎಂದು ಬರೆದು ಸಹಿ ಹಾಕಿ ಅವಳಿಗೆ ಅಂಚೆಯಲ್ಲಿ ಕಳಿಸಿದೆ. ಕೆಳಗೆ ಅತ್ತಿಗೆಯ ಮಾತನ್ನು ಅವಳು ಆಡಿದಂತೆಯೇ ಬರೆದಿದ್ದೆ. ಹತ್ತು ದಿನಕ್ಕೆ ಮೊಬೈಲಿಗೆ ಒಂದು ಸಾಲು ಬಂತು: "ಪತ್ರ ಮುಟ್ಟಿತು. ಸೆಮಿನಾರಿನಿಂದ ಪ್ರಬಂಧ ವಾಪಸ್ ತೆಗೆದುಕೊಂಡೆ. ಹುಲಿಗೆಮ್ಮಕ್ಕ ಕೇಳಿದ್ದು ಸರಿ." ನನ್ನ ಬಗ್ಗೆ ಏನೂ ಇರಲಿಲ್ಲ.

ಅವ್ವ ಸುಮ್ಮನೆ ಕೂರುವವಳಲ್ಲ. ಮನೆ ಮನೆಗೆ ಹೋಗಿ, "ಆಕಿ ಮನಿತನ ನೋಡಾಕ ಬಂದಾಕಿ ಅಲ್ರಪಾ, ಓದಾಕ ಬಂದಾಕಿ. ಇನ್ನ ಮ್ಯಾಲೆ ಬಂದ್ರ ಇದ್ದದ್ದು ಇದ್ದಂಗ ಹೇಳ್ರಿ, ನನ್ನ ಮಗನ ಮದುವಿ ಹಾಳಾಗಿ ಹೋಗ್ಲಿ" ಎಂದು ಸಾರಿದಳು. ಊರಿಗೆ ಸ್ವಲ್ಪ ಬೇಸರವಾಯಿತು. ಅಷ್ಟು ಚೆನ್ನಾಗಿ ಹೇಳಿದ್ದೆಲ್ಲ ದಂಡವಾಯಿತಲ್ಲ ಎಂದು ಕೆಲವರು ನನ್ನ ಮುಂದೆಯೇ ಅಂದರು.

ಡಿಸೆಂಬರ್‌ನಲ್ಲಿ ಒಂದು ಸಂಜೆ ಕಾಲೇಜಿನಿಂದ ಬಂದಾಗ ಅತ್ತಿಗೆ ಹೇಳಿದಳು, "ಆಕಿ ಬಂದಿದ್ಲು."

"ಯಾವಾಗ?"

"ನೀ ಇಲ್ಲದಾಗ. ಫಾರಂ ತಂದಿಲ್ಲ. ಮಧ್ಯಾಹ್ನದ ತನಕ ರೊಪ್ಪದಾಗ ನನ್ನ ಜತಿಗೆ ಮರಿ ಹಿಡಕೊಂಡು ಕುಂತಿದ್ಲು. ಇನ್ನ ಬುಧವಾರ ಬುಧವಾರ ಬರ್ತಾಳಂತ."

ಬುಧವಾರ ನನಗೆ ಐದು ಪಿರಿಯಡ್. ಅದು ಅವಳಿಗೆ ಗೊತ್ತಿತ್ತು.

ಎರಡು ತಿಂಗಳು ಅವಳು ಹಾಗೇ ಬಂದು ಹೋದಳು. ಸೊಸೆಯರ ಜೊತೆ ನೀರಿಗೆ ಹೋದಳಂತೆ, ಕಟ್ಟಿಗೆ ತಂದಳಂತೆ, ಉಣ್ಣೆ ಬಿಡಿಸಿದಳಂತೆ, ಕಂಡವರ ಮನೆಯಲ್ಲಿ ಉಂಡಳಂತೆ. ನಾನು ತರಗತಿಯಲ್ಲಿ ಆಕರಗಳನ್ನು ಪರೀಕ್ಷಿಸುವುದು ಹೇಗೆ ಎಂದು ಪಾಠ ಮಾಡುತ್ತಿದ್ದೆ. ಬಾಯಿ ಪಾಠ ಮಾಡುತ್ತಿತ್ತು, ಜೀವ ಊರಿನಲ್ಲಿ ಇರುತ್ತಿತ್ತು. ರಜೆ ಹಾಕಿ ಒಂದು ಬುಧವಾರ ಮನೆಯಲ್ಲೇ ಉಳಿಯೋಣ ಅನ್ನಿಸಿದ್ದು ಸುಳ್ಳಲ್ಲ. ಅವಳು ನಾನಿಲ್ಲದ ದಿನವನ್ನು ಆರಿಸಿಕೊಂಡಿದ್ದಾಳೆ, ಅಷ್ಟನ್ನಾದರೂ ಕೆಡಿಸಬಾರದು ಎಂದು ಬಸ್ಸು ಹತ್ತುತ್ತಿದ್ದೆ.

ಫೆಬ್ರವರಿಯ ಒಂದು ಸೋಮವಾರ. ಮೆಕ್ಕೆಜೋಳ ಮುರಿದ ಹೊಲದಲ್ಲಿ ಕುರಿ ಬಿಟ್ಟು ಬೇವಿನ ಮರದ ಕೆಳಗೆ ಕೂತಿದ್ದೆ. ದಂಟುಗಳ ನಡುವೆ ಅವಳು ನಡೆದು ಬರುವುದು ದೂರದಿಂದಲೇ ಕಂಡಿತು. ಮೈ ಬಣ್ಣ ಬಿಸಿಲಿಗೆ ಇಳಿದಿತ್ತು. ಬಂದು ನಿಂತಳು, ಕೂರಲಿಲ್ಲ.

"ಮುಗೀತು" ಎಂದಳು. "ಮೂವತ್ತಾರು ಸೊಸ್ತೇರು ಮಾತಾಡಿದ್ರು."

"ಏನು ಬಂತ್ರಿ?"

"ಯಾರ ಮನ್ಯಾಗೂ ಸೊಸಿ ತೀರ್ಮಾನ ಮಾಡಂಗಿಲ್ಲ. ಆದ್ರ ಹುಲಿಗೆಮ್ಮಕ್ಕ ತವರಿನಿಂದ ಬಂದ ಎರಡು ಕುರಿ ಇಟ್ಟಾರಲ್ಲ, ಈಗ ಅವು ಹನ್ನೊಂದು ಆಗ್ಯಾವ. ಅವನ್ನ ಮಾರೋದು ಬಿಡೋದು ನಿಮ್ಮಣ್ಣನ್ನ ಸೈತ ಕೇಳಂಗಿಲ್ಲ. ಅಂಥಾವು ಇಪ್ಪತ್ತು ಮನ್ಯಾಗ ಅದಾವ. ಮೂವತ್ತು ಪ್ರಶ್ನಿ ಕೇಳಿದ್ನೆಲ್ಲ, ಇದನ್ನ ಕೇಳೋದು ಹೊಳೀಲೇ ಇಲ್ಲ ನನಗ." ಅವಳ ದನಿಯಲ್ಲಿ ಹುರುಪಿತ್ತು. "ಗೈಡು ಮೊದಲು ಸಿಟ್ಟಾದ್ರು. ಈಗ ಇನ್ನೊಂದು ವರ್ಷ ತಗೋ, ಇದನ್ನ ಬರಿ ಅಂದಾರ. ಮೊದಲಿಂದು ಹೆಂಗ ತಪ್ಪಾತು ಅನ್ನೋದನ್ನೂ ಬರೀತೀನಿ. ನಿಮ್ಮ ಮದುವಿ ಸುದ್ದಿ ಬರತೈತಿ ಅದರಾಗ."

"ಬರಲಿ."

ಅವಳು ಮರದ ಬುಡಕ್ಕೆ ಬಂದು, ನನ್ನಿಂದ ಒಂದು ಮೊಳ ದೂರದಲ್ಲಿ ಕೂತಳು.

"ನಿಮ್ಮ ವಿಷಯನೂ ಕೇಳೀನಿ" ಎಂದಳು. "ಅದು ಓದಿಗಲ್ಲ."

"ಯಾರನ್ನ?"

"ಸೊಸ್ತೇರನ್ನ. ಈಗ ಅವರು ಸುಳ್ಳು ಹೇಳಂಗಿಲ್ಲ." ಬೆರಳು ಮಡಿಸತೊಡಗಿದಳು. "ಕುರಿ ಬಿಟ್ಟು ಪುಸ್ತಕ ಹಿಡದು ಕುಂದರತಾನ, ಕುರಿ ಮಂದಿ ಹೊಲ ಮೇಯತಾವ. ಉಂಡ ತಾಟು ಎತ್ತಂಗಿಲ್ಲ. ಸಿಟ್ಟು ಬಂದ್ರ ಎರಡು ದಿನ ಮಾತಿಲ್ಲ. ಕಾಲೇಜಿನ ಕೆಲಸ ಯಾವಾಗ ಹೋಗತೈತೋ ಗೊತ್ತಿಲ್ಲ. ಕುರಿ ಅರವತ್ತು, ಅದರಾಗೂ ಅರ್ಧ ಅಣ್ಣಂದು. ಅವ್ವ ಹಾಕಿದ ಗೆರಿ ದಾಟಂಗಿಲ್ಲ."

"ಒಳ್ಳೇದು ಯಾರೂ ಹೇಳಲಿಲ್ಲೇನು?"

"ಹುಲಿಗೆಮ್ಮಕ್ಕ ಹೇಳಿದ್ರು. ಜೀವಮಾನದಾಗ ಒಂದ ಸಲ ಗೆರಿ ದಾಟ್ಯಾನ, ಬಸ್ ಸ್ಟ್ಯಾಂಡಿನ್ಯಾಗ ಅಂದ್ರು."

ನಾನು ನೆಲ ನೋಡುತ್ತಿದ್ದೆ. ಅವಳು ನನ್ನನ್ನೇ ನೋಡುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು.

"ಮೊದಲ ದಿನ ಯಾಕ ಹೇಳಲಿಲ್ಲ? ಹೆದರಿಕಿ ಅಂದ್ರಿ. ಯಾವ ಹೆದರಿಕಿ?"

"ನೀವು ಎದ್ದು ಹೋಗತೀರಿ ಅಂತ. ಪೆನ್ನಿನ ಮುಚ್ಚಳ ಕಚ್ಚಿಕೊಂಡು ನಕ್ರಿ. ಆವಾಗಿಂದ ನನಗ ನೀವು ಬೇಕು. ಈಗೂ ಬೇಕು. ನಿಮ್ಮ ಕೆಲಸ ಕೆಡಸಿದ್ದಕ್ಕ ಇದು ಸಮಜಾಯಿಷಿ ಅಲ್ಲ. ಕೇಳಿದ್ರಿ, ಹೇಳಿದೆ."

"ಇದು ಖರೇ ಅನ್ನಾಕ ಏನು ಆಧಾರ ಐತಿ?"

"ಏನೂ ಇಲ್ರಿ. ನನಗ ಲಾಭ ಇರೋ ಮಾತು, ಸಾಕ್ಷಿಗೆ ಕುರಿ ಬಿಟ್ರ ಯಾರೂ ಇಲ್ಲ. ನೀವು ನಂಬದಿದ್ರ ತಪ್ಪಿಲ್ಲ."

ಒಂದು ಮರಿ ಬಂದು ಅವಳ ಸೆರಗು ಜಗ್ಗಿತು, ಬಿಡಿಸಿಕೊಂಡು ಅದರ ತಲೆ ಸವರಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಈ ಸಲ ಕಣ್ಣು ತಪ್ಪಿಸಲಿಲ್ಲ, ನಾನೂ ತಪ್ಪಿಸಲಿಲ್ಲ.

"ಅಷ್ಟು ಕೆಟ್ಟದ್ದು ಕೇಳಿದ ಮ್ಯಾಲೂ ನನ್ನ ಕಾಲು ಇತ್ತಾಗ ಬಂದ್ವು" ಎಂದಳು. "ಅದಕ್ಕ ನನ್ನ ಹತ್ರನೂ ಆಧಾರ ಇಲ್ಲ."

ಒಂದು ಮೊಳ ದೂರ ಇದ್ದದ್ದು ಇಲ್ಲದಾಯಿತು. ಅವಳ ಭುಜ ನನ್ನ ಭುಜಕ್ಕೆ ತಾಗಿತು, ತಾಗಿಯೇ ಇತ್ತು.

"ನಾಳೆ ನಮ್ಮ ಮನಿಗೆ ಬಾ" ಎಂದಳು. ನನಗೆ ಬಹುವಚನ ಬಿಟ್ಟದ್ದು ಅವಳಿಗೆ ತಿಳಿಯಲೂ ಇಲ್ಲವೇನೋ. "ನಮ್ಮಪ್ಪ ಬಸ್ ಡಿಪೋದ ಕೆಲಸ ಮುಗಿಸಿ ನಾಕಕ್ಕ ಬರ್ತಾನ. ಈ ಸೊಸ್ತೇರು ಹೇಳಿದ್ದನ್ನೆಲ್ಲ ಅಪ್ಪನ ಮುಂದ ನೀನ ಹೇಳಬೇಕು. ಒಂದೂ ಬಿಡಬಾರದು."

"ಎಲ್ಲಾ ಕೇಳಿ ಅವರು ಒಲ್ಲೆ ಅಂದ್ರ?"

"ಆಮ್ಯಾಲೆ ನಾ ಹೇಳತೀನಿ."

"ಏನಂತ?"

"ಇದೆಲ್ಲಾ ಗೊತ್ತಿದ್ದು ನಾ ಒಪ್ಪೀನಿ ಅಂತ."